ಚುಕ್ಕಿ ಯಾವ ಬೆರಳಿಗೆ

ಅಪ್ಪನನ್ನು ಜನ ಹೊಗಳುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ, ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಎಲ್ಲಿ ಸಿಕ್ಕರೂ ಹಳೆಯ ಪರಿಚಯದವರು ಅದೇ ರಾಗ ತೆಗೆಯುತ್ತಾರೆ. ನಿಮ್ಮಪ್ಪ ಬಳ್ಳಾರಿಯಲ್ಲಿ ಕೂತು ರೇಡಿಯೋದಲ್ಲಿ ಜಪಾನಿನವರ ಜೊತೆ ಮಾತಾಡುತ್ತಿದ್ದರಂತಲ್ಲ, ಎಂಥ ಮನುಷ್ಯ ಅನ್ನುತ್ತಾರೆ. ಹೌದು, ಮಾತಾಡುತ್ತಿದ್ದರು. ಜಪಾನಿನವರ ಜೊತೆ, ರಷ್ಯಾದವರ ಜೊತೆ, ಎಲ್ಲೋ ಸಮುದ್ರದ ನಡುವೆ ಹಡಗಿನಲ್ಲಿದ್ದವರ ಜೊತೆ, ಎಲ್ಲರ ಜೊತೆಗೂ ಮಾತಾಡುತ್ತಿದ್ದರು. ಮನೆಯವರ ಜೊತೆ ಮಾತ್ರ ಆಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಿದ್ದರೆ ತಾಟಿನ ಅಂಚನ್ನು ಉಗುರಿನಿಂದ ಬಡಿಯುವರು. ಅದು ಉಪ್ಪೋ ಮಜ್ಜಿಗೆಯೋ ಅವ್ವನೇ ತಿಳಿದುಕೊಂಡು ಬಡಿಸಬೇಕು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ಸಾಲಿಯಲ್ಲಿ ವಿಸ್ತರಿಸಿ ಬರೆಯಲು ಹೇಳಿದಾಗ ನನಗೆ ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ.

ಅವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರು. ಕೆಲಸ ಸಿರುಗುಪ್ಪದ ಕಡೆಯ ಕಾಲುವೆಗಳ ಮೇಲೆ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಮ್ಮ ಮನೆ ಬಳ್ಳಾರಿಯ ಕೋಟೆ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿತ್ತು. ಬೇಸಿಗೆಯಲ್ಲಿ ಆ ಗುಡ್ಡ ಹಗಲೆಲ್ಲ ಕಾದು, ಸಂಜೆ ಆದಮೇಲೆ ಕುಡಿದ ಬಿಸಿಯನ್ನು ನಮ್ಮ ಮೇಲೆ ಉಗುಳುತ್ತಿತ್ತು. ಪಡಸಾಲೆ ಅಜ್ಜಿಯದು. ಅಪ್ಪನ ತಾಯಿ ಆಕೆ, ಕುರುಗೋಡಿನ ಮನೆತನದವಳು, ಆ ಊರಿನ ಬಂಡೆಯಂಥದೇ ಮನಸ್ಸು. ಅಡಿಗೆಮನೆ ಅವ್ವನದು. ಅವ್ವ ದೇಶನೂರಿನ ಗದ್ದೆಗಳ ನಡುವೆ ಬೆಳೆದವಳು, ಬಾಯಿ ಬಿಟ್ಟರೆ ಎಲ್ಲಿ ಜಗಳವಾಗುತ್ತದೋ ಎಂದು ಹಲ್ಲು ಕಚ್ಚಿಕೊಂಡೇ ರೊಟ್ಟಿ ಬಡಿಯುತ್ತಿದ್ದವಳು. ಮಾಳಿಗೆ ಮೆಟ್ಟಿಲಿನ ಕೆಳಗಿನ ಗೂಡಿನಂಥ ಕೋಣೆ ಅಪ್ಪನದು. ಅಲ್ಲಿಂದ ಹೊರಟ ತಂತಿಯೊಂದು ಮಾಳಿಗೆ ಏರಿ ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ನನ್ನದು ಅಂತ ಆ ಮನೆಯಲ್ಲಿ ಒಂದು ಮೊಳೆಯೂ ಇರಲಿಲ್ಲ.

ನಾನು ಎಡಚಿ. ಪಕ್ಕದ ಮನೆಯ ತೆಲುಗಿನಾಕೆ ‘ಪುರ್ರಚೆಯ್ಯಿ’ ಅಂತ ಕರೆಯುತ್ತಿದ್ದಳು, ನಗುನಗುತ್ತಲೇ. ನಮ್ಮ ಮನೆಯಲ್ಲಿ ನಗು ಇರಲಿಲ್ಲ. ಬೇರೆಯವರ ಮನೆಯಲ್ಲಿ ಎಡಗೈ ಹೊಲಸು, ಅಷ್ಟಕ್ಕೇ ಮುಗಿಯಿತು. ನಮ್ಮದರಲ್ಲಿ ಅದಕ್ಕೂ ಮೇಲೊಂದು ತೊಡಕಿತ್ತು. ದಿನಾ ಬೆಳಿಗ್ಗೆ ಪೂಜೆಗೆ ಕೂತಾಗ ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡಗೈಯ ಅಂಗೈ ಮೇಲೆ. ಭಸ್ಮ ಹಚ್ಚುವುದು, ಪತ್ರಿ ಏರಿಸುವುದು ಬಲಗೈಯಿಂದ. ದೀಕ್ಷೆಯಾದ ಮೊದಲ ಸೋಮವಾರ ನಾನು ಲಿಂಗವನ್ನು ಬಲ ಅಂಗೈ ಮೇಲೆ ಇಟ್ಟುಕೊಂಡು ಎಡಗೈಯಿಂದ ಭಸ್ಮ ಹಚ್ಚಲು ಹೋದೆ. ನನಗೆ ಅದು ತಪ್ಪು ಅನ್ನಿಸಲೇ ಇಲ್ಲ, ಕೆಲಸ ಮಾಡುವ ಕೈ ಕೆಲಸ ಮಾಡಬೇಕು, ಹಿಡಿಯುವ ಕೈ ಹಿಡಿಯಬೇಕು, ಅಷ್ಟೇ ತಿಳಿದದ್ದು. ಅಜ್ಜಿ ಬೀಸಣಿಕೆಯ ಹಿಡಿಯಿಂದ ಗೆಣ್ಣಿನ ಮೇಲೆ ಕೊಟ್ಟಳು.

“ಎಡಗೈ ಅಂದ್ರ ಲಿಂಗದ ಗದ್ದಿಗಿ. ಅದಕ್ಕ ಬ್ಯಾರೆ ಕೆಲಸ ಹಚ್ಚಬಾರದು.”

“ಮತ್ತ ಬೆಳಿಗ್ಗಿ ತೊಳಕಳ್ಳಾಕ ಅದ ಕೈಯಲ್ಲೇನಜ್ಜಿ?”

ಅದಕ್ಕೆ ಉತ್ತರ ಕಪಾಳಕ್ಕೆ ಬಂತು. ಬಲಗೈಯಿಂದಲೇ ಹೊಡೆದಳು, ಅಜ್ಜಿ ನೇಮ ತಪ್ಪಿದವಳಲ್ಲ. ಆಮೇಲೆ ಒಂದು ಸಲ ಬಾದನಹಟ್ಟಿಯ ಬೀಗರು ಊಟಕ್ಕೆ ಕೂತಿದ್ದಾಗ ನಾನು ಮರೆತು ಎಡಗೈಯಿಂದ ಮಜ್ಜಿಗೆ ಬಡಿಸಿದೆ. ಅವರಲ್ಲಿ ಹಿರಿಯರಾದ ಒಬ್ಬರು ಮಜ್ಜಿಗೆ ಮುಟ್ಟದೆ ಕೈ ತೊಳೆದುಬಿಟ್ಟರು. ಅಂದಿನಿಂದ ಊಟದ ಹೊತ್ತಿಗೆ ಅಜ್ಜಿ ಹಳೆಯ ಸೀರೆಯ ಅಂಚು ಹರಿದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟತೊಡಗಿದಳು. ಪುಂಡಿಪಲ್ಯ ಕಲಸಿದ ತುತ್ತು ಬಲಗೈಯಿಂದ ಜಾರಿ ಲಂಗದ ಮೇಲೆ ಬೀಳುತ್ತಿತ್ತು, ಅದಕ್ಕೆ ಬೇರೆ ಬೈಗುಳ. ಎದುರಿಗೆ ಅಪ್ಪ ಕೂತಿರುತ್ತಿದ್ದರು. ನೋಡುತ್ತಿದ್ದರು, ಉಣ್ಣುತ್ತಿದ್ದರು. ಊರಿನ ಸಂಘದಲ್ಲಿ ವಿಜ್ಞಾನದ ಮೇಲೆ ಭಾಷಣ ಮಾಡಿ ಶಾಲು ಹೊದ್ದು ಬರುವ ಮನುಷ್ಯ, ಅವ್ವಾ ಬಿಡು ಅದನ್ನ ಅಂತ ತನ್ನ ತಾಯಿಗೆ ಒಂದು ಮಾತು ಹೇಳಲಿಲ್ಲ. ಅಜ್ಜಿಯ ಮೇಲಿನ ನನ್ನ ಸಿಟ್ಟು ಆಕೆ ಸತ್ತ ದಿನವೇ ಮುಗಿಯಿತು, ಯಾಕೆಂದರೆ ಆಕೆಗೆ ಗೊತ್ತಿದ್ದದ್ದೇ ಅಷ್ಟು. ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಉಂಡರು.

ಅಂಥವರು ನನಗೆ ಚುಕ್ಕಿ ಗೆರೆಗಳ ತಂತಿಭಾಷೆ ಮೋರ್ಸ್ ಕಲಿಸಲು ಹೊರಟದ್ದು ಪ್ರೀತಿಯಿಂದಲ್ಲ. ಅವರ ಹವ್ಯಾಸಿ ರೇಡಿಯೋ ಬಳಗದ ಗೆಳೆಯನೊಬ್ಬ ತನ್ನ ಮಗನಿಗೆ ಲೈಸೆನ್ಸ್ ಕೊಡಿಸಿ ಎಲ್ಲರೆದುರು ಕೊಚ್ಚಿಕೊಂಡಿದ್ದ. ಅಪ್ಪನಿಗೆ ಮಗನಿರಲಿಲ್ಲ, ನಾನಿದ್ದೆ. ಹೆಣ್ಣುಮಗಳು ಪಾಸಾದರೆ ಆ ಗೆಳೆಯನ ಬಾಯಿ ಮುಚ್ಚುತ್ತದೆ ಅನ್ನುವುದೇ ಲೆಕ್ಕ. ಆದರೆ ಒಂದು ಮಾತು ಒಪ್ಪಿಕೊಳ್ಳಲೇಬೇಕು: ಆ ಕೋಣೆಯೊಳಗೆ ಕಾಲಿಟ್ಟ ದಿನ ನನಗೆ ಹೊರಗೆ ಬರಲು ಮನಸ್ಸಾಗಲಿಲ್ಲ. ಬಿಸಿ ಸೀಸದ ವಾಸನೆ, ಕಪ್ಪು ತಿರುಗಣೆಗಳು, ಗೋಡೆ ತುಂಬ ಅಂಟಿಸಿದ ಪರದೇಶದ ಕಾರ್ಡುಗಳು. ಮೇಜಿನ ಮೇಲೆ ಅಪ್ಪ ತಾವೇ ಜೋಡಿಸಿದ್ದ, ಮೋರ್ಸ್ ಕಳಿಸುವ ಕೀಯರ್ ಇತ್ತು. ಹಳೆ ಕಾಲದ ತಾರಾಫೀಸಿನ ಗುಂಡಿಯಂತೆ ಅದನ್ನು ಮೇಲಿಂದ ಕೆಳಕ್ಕೆ ಕುಟ್ಟಬೇಕಿರಲಿಲ್ಲ. ಕುರುಗೋಡಿನ ಬಂಡೆಯ ಒಂದು ಚಪ್ಪಟೆ ತುಂಡನ್ನು ಕಲ್ಲುಕುಟಿಗರಿಂದ ಉಜ್ಜಿಸಿ ತಂದು, ಅಲುಗಾಡದಿರಲಿ ಅಂತ ಅದರ ಮೇಲೆ ಎರಡು ಹಿತ್ತಾಳೆ ಪಟ್ಟಿಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ಅವೆರಡರ ಎರಡು ಬದಿಗೆ ಎರಡು ಬೆರಳು. ಎಡಪಟ್ಟಿಯನ್ನು ಒತ್ತಿ ಹಿಡಿದರೆ ಪೆಟ್ಟಿಗೆಯೊಳಗಿನ ಸರ್ಕ್ಯೂಟು ತಾನೇ ಚುಕ್ಕಿಗಳನ್ನು ಸುರಿಸುತ್ತಿತ್ತು, ಡಿ ಡಿ ಡಿ ಡಿ ಅಂತ, ಒಂದಕ್ಕಿಂತ ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲದಂತೆ. ಬಲಪಟ್ಟಿ ಒತ್ತಿದರೆ ಗೆರೆಗಳು, ಡಾ ಡಾ ಡಾ. ಎರಡನ್ನೂ ಕೂಡಿಸಿ ಹಿಂಡಿದರೆ ಚುಕ್ಕಿ ಗೆರೆ ಚುಕ್ಕಿ ಗೆರೆ. ಪೆಟ್ಟಿಗೆಯ ಮುಖದ ಮೇಲೆ ಒಂದು ತಿರುಗಣೆ ವೇಗಕ್ಕೆ, ಒಂದು ಸದ್ದಿನ ಏರಿಳಿತಕ್ಕೆ, ಇನ್ನೊಂದು ಚುಕ್ಕಿಗೂ ಗೆರೆಗೂ ಇರುವ ತೂಕಕ್ಕೆ. ತೂಕ ಹೆಚ್ಚಿಸಿದರೆ ಅಕ್ಷರಗಳು ದಪ್ಪಗಾಗಿ ಒಂದಕ್ಕೊಂದು ಅಂಟುತ್ತಿದ್ದವು, ಇಳಿಸಿದರೆ ಒಣಗಿ ಕಟಕಟ ಅನ್ನುತ್ತಿದ್ದವು.

ಪಾಠ ಭಾನುವಾರ. ಬಲಗೈ. ಹೆಬ್ಬೆರಳು ಎಡಪಟ್ಟಿಗೆ, ಅಂದರೆ ಚುಕ್ಕಿಗೆ. ತೋರುಬೆರಳು ಬಲಪಟ್ಟಿಗೆ, ಅಂದರೆ ಗೆರೆಗೆ. ಕೇಳಿ ಬರೆದುಕೊಳ್ಳುವುದು ನನಗೆ ಬೇಗ ಬಂತು, ಕಿವಿಗೆ ಎಡ ಬಲ ಅಂತ ಯಾರೂ ಕಟ್ಟುಪಾಡು ಮಾಡಿರಲಿಲ್ಲವಲ್ಲ. ಕಳಿಸುವುದು ಬರಲಿಲ್ಲ. ಈ ಯಂತ್ರದ ಸ್ವಭಾವ ಎಂಥದೆಂದರೆ, ಚುಕ್ಕಿಯನ್ನು ಅದು ತಾನೇ ಮಾಡುತ್ತದೆ, ನಿಲ್ಲಿಸುವುದು ಮಾತ್ರ ನಮ್ಮ ಕೆಲಸ. ನನ್ನ ಬಲಗೈ ಬೆರಳು ಹೊತ್ತಿಗೆ ಸರಿಯಾಗಿ ಏಳುತ್ತಿರಲಿಲ್ಲ. ಮೂರು ಚುಕ್ಕಿ ಬೇಕಾದಲ್ಲಿ ನಾಲ್ಕು ಬೀಳುತ್ತಿತ್ತು, ನಾಲ್ಕು ಬೇಕಾದಲ್ಲಿ ಐದು. ಅಪ್ಪ ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಸ್ವಿಚ್ ಆರಿಸಿ ಎದ್ದು ಹೋಗುತ್ತಿದ್ದರು, ಹೋಗುವಾಗ ಒಂದೇ ಮಾತು.

“ಒತ್ತಾಕ ಯಾರಿಗಾದ್ರೂ ಬರ್ತೈತಿ. ಬಿಡಾಕ ಕಲಿ.”

ವಾರದ ದಿನಗಳಲ್ಲಿ ನಾನು ಸಾಲಿಯಿಂದ ಬರುವ ಹೊತ್ತಿಗೆ ಅಪ್ಪ ಇನ್ನೂ ಸಿರುಗುಪ್ಪದಲ್ಲಿರುತ್ತಿದ್ದರು, ಅಜ್ಜಿ ಮಠದ ಪುರಾಣ ಕೇಳಲು ಹೋಗಿರುತ್ತಿದ್ದಳು. ಅಷ್ಟೇ ನನ್ನ ರಾಜ್ಯ. ಗಾಳಿಗೆ ಕಳಿಸುವ ಪೆಟ್ಟಿಗೆಯನ್ನು ಮುಟ್ಟುತ್ತಿರಲಿಲ್ಲ, ಲೈಸೆನ್ಸ್ ಇಲ್ಲದವರು ಅದನ್ನು ಮುಟ್ಟಬಾರದು ಅನ್ನುವುದು ಗೊತ್ತಿತ್ತು. ಕೀಯರಿನ ಒಳಗಿದ್ದ ಪುಟ್ಟ ಸ್ಪೀಕರು ಸಾಕಾಗಿತ್ತು. ಮೊದಲ ದಿನ ಎಡಗೈ ಇಟ್ಟಾಗ ಹೆದರಿಕೆಯಾಯಿತು, ಇನ್ನೇನು ಅಜ್ಜಿ ಬೀಸಣಿಕೆ ಹಿಡಿದು ಬಂದಾಳು ಅಂತ. ಆಮೇಲೆ ಬೆರಳು ತಾನೇ ಓಡಿತು. ಪಟ್ಟಿಗಳೇನೋ ಅಪ್ಪನ ಬಲಗೈಗೆ ಹೊಂದಿಸಿದ್ದವು. ಎಡಪಟ್ಟಿಗೆ ಚುಕ್ಕಿ, ಬಲಪಟ್ಟಿಗೆ ಗೆರೆ. ಎಡಗೈ ಇಟ್ಟರೆ ಚುಕ್ಕಿ ನನ್ನ ತೋರುಬೆರಳಿಗೆ ಬರುತ್ತಿತ್ತು, ಗೆರೆ ಹೆಬ್ಬೆರಳಿಗೆ, ಅಪ್ಪ ಕಲಿಸಿದ್ದಕ್ಕೆ ಪೂರ್ತಿ ತಿರುಗಾಮುರುಗಾ. ಎಡಚರು ಹೀಗೆ ಮಾಡುವುದಿಲ್ಲ, ಒಳಗಿನ ಎರಡು ತಂತಿಗಳನ್ನು ಅದಲು ಬದಲು ಮಾಡಿ ಬೆಸೆದುಕೊಂಡು, ಹೆಬ್ಬೆರಳಿಗೇ ಚುಕ್ಕಿ ಬರುವಂತೆ ಇಟ್ಟುಕೊಳ್ಳುತ್ತಾರೆ ಅಂತ ನನಗೆ ಯಾರು ಹೇಳಬೇಕು? ಹೇಳಿದ್ದರೂ ಕದ್ದು ಕೂತವಳು ಬೆಸುಗೆ ಕಡ್ಡಿ ಹಿಡಿಯುವುದುಂಟೆ? ಇದ್ದದ್ದರ ಮೇಲೆಯೇ ಕಲಿತೆ. ಕೆಲವೇ ವಾರಗಳಲ್ಲಿ ಎಷ್ಟು ಚೆನ್ನಾಗಿ ಬಂತೆಂದರೆ, ವೇಗದ ತಿರುಗಣೆಯನ್ನು ಅಪ್ಪ ಇಡುತ್ತಿದ್ದ ಗುರುತಿಗಿಂತ ಮುಂದಕ್ಕೆ ತಿರುಗಿಸಿ, ಓಣಿಯವರ ಹೆಸರುಗಳನ್ನೆಲ್ಲ ಒಂದೊಂದಾಗಿ ಕಳಿಸುತ್ತಿದ್ದೆ, ಬೈಗುಳಗಳನ್ನೂ ಕಳಿಸುತ್ತಿದ್ದೆ. ಅಜ್ಜಿಯ ಮೇಲೆ, ಬಾದನಹಟ್ಟಿಯ ಆ ಹಿರಿಯರ ಮೇಲೆ. ಬಾಯಲ್ಲಿ ಅಂದರೆ ಹಲ್ಲು ಉದುರುವಂಥ ಮಾತುಗಳು ಅಲ್ಲಿ ಚಂದಾಗಿ ಡಿ ಡಿ ಡಾ ಅಂತ ಹಾಡುತ್ತಿದ್ದವು. ಅವ್ವ ಹೊಸ್ತಿಲಲ್ಲಿ ಶೇಂಗಾ ಸುಲಿಯುತ್ತಾ ಕೂತಿರುತ್ತಿದ್ದಳು. ಅಜ್ಜಿ ಓಣಿಯ ತಿರುವಿಗೆ ಬಂದರೆ ಮೊರ ಕುಟ್ಟುವಳು.

ಸಿಕ್ಕಿಬಿದ್ದದ್ದು ತಿರುಪಿನಿಂದ. ಪಟ್ಟಿಗೂ ಅದು ಹೋಗಿ ಮುಟ್ಟುವ ಮೊಳೆಗೂ ನಡುವೆ ಇರುವ ಸಂದು ಆಳಿನಿಂದ ಆಳಿಗೆ ಬೇರೆ. ಅಪ್ಪನದು ಭಾರದ ಕೈ, ಸಂದು ಅಗಲ ಇರಬೇಕು, ಸ್ಪ್ರಿಂಗು ಬಿಗಿ ಇರಬೇಕು. ನನ್ನ ಎಡಗೈ ಹಗುರ. ಆ ಬಿಗಿಗೆ ಬೆರಳು ಸೋಲುತ್ತಿತ್ತು. ದಿನಾ ನಾನು ತಿರುಪು ಸಡಿಲಿಸಿ, ಸಂದು ಕಿರಿದು ಮಾಡಿ, ಏಳುವ ಮುಂಚೆ ಮತ್ತೆ ಮೊದಲಿನಂತೆ ಇಡುತ್ತಿದ್ದೆ. ಒಂದು ದಿನ ಅವ್ವನ ಮೊರದ ಸದ್ದು ತಡವಾಯಿತು, ನಾನು ಹಾಗೇ ಎದ್ದು ಓಡಿದೆ. ಸಂಜೆ ಅಪ್ಪ ಕ್ಯಾಲೆಂಡರಿನ ಹಾಳೆ ಹರಿದು ತಮ್ಮ ಪದ್ಧತಿಯಂತೆ ಸಂದಿನೊಳಗೆ ತೂರಿಸಿ ನೋಡಿದರು. ಹಾಳೆ ಹೋಗಲಿಲ್ಲ. ಯಾರು ಮುಟ್ಟಿದ್ದು ಅಂತ ಕೇಳಿದರು, ನಾನೇ ಅಂದೆ. ಅಭ್ಯಾಸಕ್ಕೆ ಅಂದೆ. ಅವರ ಮುಖ ಒಂದು ಗಳಿಗೆ ಸಡಿಲವಾದಂತೆ ಕಂಡಿತು. ಅಷ್ಟರಲ್ಲಿ ಅಜ್ಜಿ ಪಡಸಾಲೆಯಿಂದ ಸಿಡಿದಳು. ತಾನು ಬರುವಾಗ ಕಿಟಕಿಯಲ್ಲಿ ಕಂಡಿದ್ದಾಗಿ, ಹುಡುಗಿ ಎಡಗೈಯಲ್ಲಿ ಆಡಿಸುತ್ತಿದ್ದಳೆಂದೂ, ಇದಕ್ಕೆಲ್ಲ ಸೊಸೆಯ ಕುಮ್ಮಕ್ಕೆಂದೂ, ದೇಶನೂರಿನವರ ಬುದ್ಧಿಯೇ ಇಷ್ಟೆಂದೂ ಒಂದೇ ಉಸಿರಿಗೆ ಹೇಳಿದಳು. ಅವ್ವನನ್ನು ಅಂದಾಗ ನನಗೆ ಸೈರಣೆ ತಪ್ಪಿತು. ನಿನ್ನ ಮಗನ ಬಲಗೈಗಿಂತ ನನ್ನ ಎಡಗೈ ಚಂದಾಗಿ ಕಳಿಸತೈತಿ, ಬೇಕಾದ್ರ ಕೇಳು ಅಂದುಬಿಟ್ಟೆ. ಅಪ್ಪ ಕೇಳಬೇಕಿತ್ತು. ಪಟ್ಟಿಯ ಮುಂದೆ ಕೂರಿಸಿ, ಎಲ್ಲಿ ನೋಡೋಣ ಅನ್ನಬೇಕಿತ್ತು. ಅದು ಬಿಟ್ಟು ಕೋಣೆಗೆ ಬೀಗ ಹಾಕಿದರು.

“ಪರೀಕ್ಷಾದಾಗ ನಾಲ್ಕು ಮಂದಿ ಮುಂದ ರೊಡ್ಡಗೈ ತೋರಿಸಿ ನನ್ನ ಮಾನ ತೆಗೀಬ್ಯಾಡ.”

ಪರೀಕ್ಷೆ ಬೆಂಗಳೂರಿನಲ್ಲಿ ಅಂತ ಗೊತ್ತಾಗಿತ್ತು, ದಿನ ಹತ್ತಿರ ಬಂದಿತ್ತು. ಬೀಗ ಭಾನುವಾರ ಮಾತ್ರ ತೆಗೆಯುತ್ತಿತ್ತು, ಬಲಗೈಗೆ. ಉಳಿದ ದಿನ ನಾನು ಎಡಗೈಯ ಎರಡು ಬೆರಳನ್ನು ಪುಸ್ತಕದ ಎರಡು ಬದಿಗೆ ಇಟ್ಟು ಒತ್ತುತ್ತಿದ್ದೆ, ಬಸ್ಸಿನ ಕಂಬಿಗೆ ಒತ್ತುತ್ತಿದ್ದೆ, ನಿದ್ದೆಯಲ್ಲೂ ಒತ್ತುತ್ತಿದ್ದೆನಂತೆ. ನನಗೆ ಆ ಲೈಸೆನ್ಸ್ ಬೇಕಿತ್ತು. ಅಪ್ಪನ ಹೆಚ್ಚುಗಾರಿಕೆಗೆ ಅಲ್ಲ. ಆ ಚೀಟಿ ಬಂದರೆ ಕೋಣೆಯ ಬಾಗಿಲು ನನಗೂ ತೆರೆಯಬೇಕಾಗುತ್ತದೆ, ಸರಕಾರವೇ ಹೇಳಿದ ಮೇಲೆ ಅಜ್ಜಿಯದೇನು, ಅಪ್ಪನದೇನು ನಡೆಯುತ್ತದೆ ಅಂತ. ಆ ಗುಡ್ಡದ ಕೆಳಗಿನ ಕಾದ ಮನೆಯಿಂದ ಆಚೆ ಯಾರೋ ಒಬ್ಬರು, ನನ್ನನ್ನು ಕಾಣದವರು, ನನ್ನ ಕೈಯನ್ನು ಕಾಣದವರು, ನಾನು ಕಳಿಸಿದ್ದಕ್ಕೆ ಮರಳಿ ಉತ್ತರ ಕಳಿಸುತ್ತಾರೆ ಅನ್ನುವುದೊಂದೇ ಆಸೆ ನನ್ನನ್ನು ಆ ವರ್ಷ ಬದುಕಿಸಿತ್ತು.

ಹೊರಡುವ ಎರಡು ದಿನ ಮುಂಚೆ ಊಟದ ಹೊತ್ತಿಗೆ ನಾನು ಅಜ್ಜಿ ತಂದ ಸೀರೆಯ ಅಂಚನ್ನು ಕಿತ್ತುಕೊಂಡು ಒಲೆಗೆ ಹಾಕಿದೆ. ಬಿಸಿ ರೊಟ್ಟಿಯೊಂದನ್ನು ಎಡಗೈಯಲ್ಲೇ ಹಿಡಿದು ಅಪ್ಪನ ತಾಟಿಗೆ ಹಾಕಿದೆ. ಬೇಕಂತಲೇ ಹಾಕಿದೆ.

“ಪರೀಕ್ಷಿಗೆ ಎಡಗೈಲೇ ಕುಂದರತೀನಿ. ಬಲಗೈಲೇ ನಾ ಕಳಸಂಗಿಲ್ಲ.”

ಅಪ್ಪ ರೊಟ್ಟಿಯನ್ನು ನೋಡಿದರು. ಅಜ್ಜಿಯನ್ನು ನೋಡಿದರು. ಆಮೇಲೆ ಅನ್ನದ ಮುಂದಿನಿಂದ ಎದ್ದುಬಿಟ್ಟರು. ನಮ್ಮ ಮನೆಯಲ್ಲಿ ಉಣ್ಣುವ ಗಂಡಸು ತಾಟು ಬಿಟ್ಟು ಏಳುವುದೆಂದರೆ ಸಾವಿನ ಸುದ್ದಿ ಬಂದಂತೆ. ಅಜ್ಜಿ ಅತ್ತಳು, ನನ್ನನ್ನು ಶಪಿಸಿದಳು, ಇಂಥಾಕಿ ಹುಟ್ಟಿದ ಗಳಿಗೆ ಸರಿಯಿಲ್ಲ ಅಂದಳು. ಅವ್ವ ಆ ರೊಟ್ಟಿಯನ್ನು ಎತ್ತಿ ತನ್ನ ತಾಟಿಗೆ ಹಾಕಿಕೊಂಡು ಉಂಡಳು. ನನಗೆ ಗೆದ್ದಂತೆ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಬೆಂಗಳೂರಿಗೆ ಅಪ್ಪನ ಜೊತೆ ಹೋದೆ. ಕೀಯರಿನ ಪೆಟ್ಟಿಗೆಯನ್ನೂ ಪಟ್ಟಿಗಳಿದ್ದ ಕಲ್ಲನ್ನೂ ಅವರೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ತೊಡೆಯ ಮೇಲೆ ಇಟ್ಟುಕೊಂಡರು, ಉಪಕರಣ ನಮ್ಮದೇ ತರಬಹುದು ಅಂದಿದ್ದರು ಪರೀಕ್ಷೆಯವರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಚಳ್ಳಕೆರೆಯಲ್ಲಿ ಚಹಾ ಕೊಡಿಸಿದರು, ಅದೂ ಬೆರಳು ಸನ್ನೆಯಲ್ಲಿ. ಪರೀಕ್ಷೆಯ ಕಟ್ಟಡದಲ್ಲಿ ಜೊತೆಗೆ ಬಂದವರು ಗೇಟಿನ ಆಚೆಗೇ ಉಳಿಯಬೇಕಿತ್ತು. ಅಪ್ಪ ಚೀಲವನ್ನು ನನ್ನ ಕೈಗೆ ಕೊಟ್ಟು ಏನೋ ಹೇಳಲು ಬಾಯಿ ತೆರೆದರು. ನಾನು ಮುಖ ತಿರುಗಿಸಿ ಒಳಗೆ ನಡೆದೆ.

ಕೇಳಿ ಬರೆಯುವುದು ಮುಗಿಯಿತು, ಸುಲಭವಾಗಿತ್ತು. ಆಮೇಲೆ ಕಳಿಸುವುದು. ಎದುರಿಗಿದ್ದ ಅಧಿಕಾರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪೆನ್ಸಿಲು ಹಿಡಿದು, ಮೊದಲು ನಿನ್ನ ಹೆಸರು ಕಳಿಸಮ್ಮ ಅಂದರು. ನನ್ನ ಕಿವಿಯಲ್ಲೂ ಒಂದು ಜೊತೆ. ನಾನು ಎಡಗೈ ಇಟ್ಟೆ. ಅವರು ಅದನ್ನು ನೋಡಿ ಏನೂ ಅನ್ನಲಿಲ್ಲ, ಹುಬ್ಬೂ ಏರಿಸಲಿಲ್ಲ. ಗಿರಿಜಾ ಅಂತ ಇಂಗ್ಲಿಷಿನ ಅಕ್ಷರಗಳಲ್ಲಿ ಕಳಿಸಲು ಶುರು ಮಾಡಿದೆ. ಜೀ ಅಕ್ಷರಕ್ಕೆ ಗೆರೆ ಗೆರೆ ಚುಕ್ಕಿ. ನನ್ನ ಕಿವಿಗೆ ಬಿದ್ದದ್ದು ಚುಕ್ಕಿ ಚುಕ್ಕಿ ಗೆರೆ. ಅದು ಯೂ. ನಿಲ್ಲಿಸಿ ಮತ್ತೆ ಒತ್ತಿದೆ. ಮತ್ತೆ ಯೂ. ಬೆರಳು ಸರಿಯಿತ್ತು, ಸದ್ದು ತಿರುಗಾಮುರುಗಾ ಇತ್ತು. ನನ್ನ ಹೆಸರಿನ ಜಾಗದಲ್ಲಿ ಅಧಿಕಾರಿಯ ಹಾಳೆಯ ಮೇಲೆ ಯೂ, ಎಮ್, ಕೇ, ಎಮ್, ಬೀ, ಎನ್ ಅಂತ ಸಾಲಾಗಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಹೆದರಬೇಡ, ಇನ್ನೊಮ್ಮೆ ಕಳಿಸು ಅಂದರು. ಗಾಬರಿಯಲ್ಲಿ ಬಲಗೈ ಇಟ್ಟೆ. ಅದೂ ತಿರುಗಾಮುರುಗಾ. ಆಗ ತಿಳಿಯಿತು. ಒಳಗಿನ ತಂತಿಗಳನ್ನು ಯಾರೋ ಅದಲು ಬದಲು ಮಾಡಿ ಬೆಸೆದಿದ್ದರು. ಚುಕ್ಕಿಯ ಪಟ್ಟಿಗೆ ಗೆರೆ, ಗೆರೆಯ ಪಟ್ಟಿಗೆ ಚುಕ್ಕಿ. ಆ ಪೆಟ್ಟಿಗೆಯನ್ನು ಬಿಚ್ಚುವವರು ಲೋಕದಲ್ಲಿ ಒಬ್ಬರೇ. ಎಡಗೈ ಸೋಲಲಿ ಅಂತ, ಬಲಗೈಗೂ ಉಳಿಗಾಲವಿಲ್ಲದಂತೆ, ಎರಡೂ ಬಾಗಿಲು ಹಾಕಿ ಕಳಿಸಿದ್ದಾರೆ. ಮೇಲೆ ಚಹಾ ಬೇರೆ ಕೊಡಿಸಿದ್ದಾರೆ. ತಂತಿ ತಿರುಗಿದೆ, ಸರಿ ಮಾಡಿಕೊಡಿ ಅಂತ ಆ ಅಧಿಕಾರಿಗೆ ಹೇಳುವ ಬುದ್ಧಿ ನನಗೆ ಬರಲಿಲ್ಲ. ಹೇಳಲು ಹೋದರೆ ನಮ್ಮಪ್ಪ ಹೀಗೆ ಮಾಡಿದರು ಅನ್ನಬೇಕಾಗುತ್ತಿತ್ತು. ಪರೀಕ್ಷೆ ಮುಗಿಯಿತು, ನಾಪಾಸು.

ಗೇಟಿನ ಆಚೆ ಅಪ್ಪ ಬಿಸಿಲಲ್ಲೇ ನಿಂತಿದ್ದರು.

“ಏನಾತು?”

“ನಿಮಗ ಗೊತ್ತಿಲ್ಲೇನು?”

ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡರು.

“ಗೊತ್ತಿತ್ತು ನನಗ, ಹಿಂಗ ಆಗತೈತಿ ಅಂತ.”

ನನಗೆ ಇನ್ನೇನು ಬೇಕಿತ್ತು. ತಪ್ಪೊಪ್ಪಿಗೆಯನ್ನು ಅವರ ಬಾಯಿಂದಲೇ ಕೇಳಿದೆ ಅಂದುಕೊಂಡೆ. ಮನೆಗೆ ಬಂದ ಮೇಲೆ ಆ ಕೋಣೆಗೆ ನಾನು ಕಾಲಿಡಲಿಲ್ಲ, ಪರೀಕ್ಷೆಗೆ ಮತ್ತೆ ಕೂರಲಿಲ್ಲ. ಅವರು ಒಮ್ಮೆ ಮಾತ್ರ ಅವ್ವನ ಮೂಲಕ ಕೇಳಿಸಿದರು, ಇನ್ನೊಂದು ಸಲ ಕಟ್ಟುತ್ತಾಳೇನು ಅಂತ. ಹಾಳು ಬಾವಿಗೆ ಬೀಳುವುದೇ ಸೈ, ಆ ಪರೀಕ್ಷೆ ಒಲ್ಲೆ ಅಂದೆ. ಉಳಿದದ್ದೆಲ್ಲ ಆಯಿತು: ಓದು, ಕೊಳಗಲ್ಲಿನ ಹೈಸ್ಕೂಲಿನಲ್ಲಿ ನೌಕರಿ, ಮದುವೆ, ಮಕ್ಕಳು. ಕಪ್ಪು ಹಲಗೆಯ ಮೇಲೆ ಎಡಗೈಯಲ್ಲೇ ಬರೆದೆ, ಒಬ್ಬ ವಿದ್ಯಾರ್ಥಿಯೂ ಎದ್ದು ಹೋಗಲಿಲ್ಲ. ರಾತ್ರಿಯ ರೇಡಿಯೋದಲ್ಲಿ ಯಾವುದೋ ಮೂಲೆಯಿಂದ ಮೋರ್ಸ್ ಸದ್ದು ನುಸುಳಿದರೆ ಮಾತ್ರ ತಟ್ಟನೆ ಆರಿಸುತ್ತಿದ್ದೆ. ನನ್ನ ಗಂಡನಿಗೆ ಅದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಈಗ ಅಪ್ಪ ಅವ್ವ ಇಬ್ಬರೂ ನನ್ನ ಮನೆಯಲ್ಲೇ ಇದ್ದಾರೆ. ನಾನೇ ಕರೆತಂದೆ, ಕರ್ತವ್ಯ ಅಂತ. ದಿನಾ ಅಪ್ಪನಿಗೆ ಎಡಗೈಯಿಂದಲೇ ಬಡಿಸುತ್ತೇನೆ, ಅವರು ಸುಮ್ಮನೆ ಉಣ್ಣುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅವ್ವ ನಾನು ಅಡಿಗೆಮನೆಯಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದೆವು. ನನ್ನ ಮೊಮ್ಮಗಳು ಎಡಗೈಯಲ್ಲಿ ಉಪ್ಪಿಟ್ಟು ತಿನ್ನುತ್ತಿತ್ತು. ತಿನ್ನಲಿ ಬಿಡು ಕೂಸು, ಹೆಂಗ ಬೇಕೋ ಹಂಗ ಅಂದಳು ಅವ್ವ. ನನಗೆ ಎಲ್ಲಿತ್ತೋ ಸಿಟ್ಟು. ನನ್ನ ಪಾಳಿಯಲ್ಲಿ ಈ ಮಾತು ಎಲ್ಲಿ ಹೋಗಿತ್ತು, ನಿನ್ನ ಗಂಡ ನನ್ನ ಪರೀಕ್ಷೆ ಹಾಳು ಮಾಡಿ ಕೂತಾಗ ನೀನು ಎಲ್ಲಿದ್ದೆ ಅಂತ ಕೇಳಿದೆ. ಅವ್ವ ಕೊತ್ತಂಬರಿ ಕೆಳಗಿಟ್ಟಳು.

“ಹಾಳು ಯಾಕ ಮಾಡ್ಯಾರು? ನಿನಗ ಅಂತ ತಂತಿ ತಿರುವಿದ್ರಲ್ಲ ಅವರು. ಹೊರಡೋ ಹಿಂದಿನ ದಿನ ಅಡಗಿ ಮನಿಗೆ ಬಂದು ಕೇಳಿದ್ರು, ಗಿರಿಜಾ ಎಡಗೈಲೇ ಸೌಟು ಹಿಡಿದ್ರ ಹೆಬ್ಬೆಟ್ಟು ಯಾವ ಕಡಿಗಿರ್ತೈತಿ ಅಂತ. ನಾ ಹಿಡದು ತೋರಿಸಿದ್ನಿ. ಹಂಗಾದ್ರ ಎಡಗೈಗೆ ತಿರುವಿ ಇಡತೀನಿ, ನಮ್ಮವ್ವನ ಮುಂದ ಹೇಳಬ್ಯಾಡ, ರಂಪ ಆಗತೈತಿ ಅಂದ್ರು.”

ನನಗೆ ಯಾಕೆ ಹೇಳಲಿಲ್ಲ ಅಂದರೆ, ಪರೀಕ್ಷೆಯಲ್ಲಿ ನೀನೇ ಕಂಡಿರುತ್ತಿ ಅಂದುಕೊಂಡೆ ಅಂದಳು ಅವ್ವ. ಎಡಗೈಯಲ್ಲೂ ನಿನಗೆ ಬರಲಿಲ್ಲ ಅಂತ ಅವರು ಆ ದಿನ ಬಹಳ ನೊಂದುಕೊಂಡಿದ್ದರು ಅಂತಲೂ ಅಂದಳು. ನಾನು ಎದ್ದು ವರಾಂಡಕ್ಕೆ ಹೋದೆ. ಅಪ್ಪ ಬೆತ್ತದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು.

“ಪರೀಕ್ಷಿಗೆ ಹೋಗೋ ಮುಂದ ತಂತಿ ತಿರುವಿದ್ದು ನೀವೇನು?”

“ಹೂಂ. ಎಡಗೈಯವರಿಗೆ ಹಂಗ ಇರಬೇಕಲ್ಲ. ಹೆಬ್ಬೆಟ್ಟಿಗೆ ಚುಕ್ಕಿ.”

“ನಾನು ತಂತಿ ತಿರುವಲಾರದಂಗನ ಕಲ್ತಿದ್ನಿ ಅಪ್ಪಾ. ನಿಮ್ಮದು ಇದ್ದಂಗ.”

ಮೊದಲು ಅವರಿಗೆ ತಿಳಿಯಲಿಲ್ಲ. ಪೇಪರು ಮಡಚಿದರು. ಎಂಜಿನಿಯರ್ ಮನುಷ್ಯ, ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ; ಒಂದು ನಿಮಿಷದಲ್ಲಿ ಎಲ್ಲ ಅವರ ಮುಖದ ಮೇಲೆ ಬಂತು. ಇಷ್ಟು ವರ್ಷ ಮಗಳ ಕೈಗೆ ವಿದ್ಯೆ ಹತ್ತಲಿಲ್ಲ ಅಂತ ಅವರು, ಅಪ್ಪ ನನ್ನ ಕತ್ತು ಕೊಯ್ದ ಅಂತ ನಾನು. ಒಂದೇ ಒಂದು ಸಲ ನನ್ನನ್ನು ಕರೆದು ಹೇಗೆ ಒತ್ತುತ್ತಿ ಅಂತ ಕೇಳಿದ್ದರೆ ಸಾಕಿತ್ತು. ಹೆಂಡತಿಗೆ ಸೌಟು ಹಿಡಿಸಿ ಕೇಳಿದರು, ನನ್ನನ್ನು ಕೇಳಲಿಲ್ಲ. ಸಿಟ್ಟು ಇಳಿಯಿತು ಅಂತ ಬರೆದರೆ ಸುಳ್ಳಾಗುತ್ತದೆ. ವೈರಿ ಮಾಡಿದ ಮೋಸ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

“ಹಂಗಾದ್ರ ಚುಕ್ಕಿ ನಿನಗ ಯಾವ ಬೆರಳಿಗೆ ಬರ್ತಿತ್ತವ್ವಾ? ತೋರಿಸು.”

ನೆನಪಿಲ್ಲ ಅಂದೆ. ಒಳಗೆ ಹೋಗಿ ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತೆ. ಊಟಕ್ಕೆ ಕರೆಯಲು ಬಂದಾಗ ಅಪ್ಪ ಅಲ್ಲೇ ಇದ್ದರು. ಕುರ್ಚಿಯ ಕೈಯ ಎರಡು ಬದಿಗೆ ತಮ್ಮ ಎಡಗೈಯ ಎರಡು ಬೆರಳು ಇಟ್ಟು ಒತ್ತಿ ಒತ್ತಿ ನೋಡುತ್ತಿದ್ದರು, ತಡವರಿಸುತ್ತ, ಒಂದೊಂದೇ ಅಕ್ಷರ. ನನ್ನ ಹೆಸರು ಕಳಿಸುತ್ತಿದ್ದರು. ಚುಕ್ಕಿಗೆ ಇನ್ನೂ ಹೆಬ್ಬೆರಳನ್ನೇ ಒತ್ತುತ್ತಿದ್ದರು. ಅದಲ್ಲ, ತೋರುಬೆರಳು ಅಂತ ಒಂದು ಮಾತು ಹೇಳಬಹುದಿತ್ತು. ರೊಟ್ಟಿ ಆರ್ತಾವ, ಬರ್ರಿ ಅಂದೆ.